ಅರ್ಧ ಗೊಬ್ಬರದ ಪಟ್ಟಿ

ನಾಗಲಕ್ಷ್ಮಿಯ ಹೆಸರು ಬ್ಯಾನರಿನ ಮೇಲೆ ಬಂದದ್ದು ಅದೇ ಮೊದಲು. ಮಡಕಶಿರಾದ ಕಲ್ಯಾಣ ಮಂಟಪದ ಬಾಗಿಲಿಗೆ ಕಟ್ಟಿದ್ದರು. ಮೇಲೆ ತೆಲುಗು, ಕೆಳಗೆ ಕನ್ನಡ, ನಡುವೆ ಗೊಬ್ಬರದ ಕಂಪನಿಯ ಗುರುತು. ‘ಫಾಸ್ಫೇಟ್ ಸಂಶೋಧನೆ: ರೈತರೊಂದಿಗೆ ಕಾರ್ಯಾಗಾರ. ಪ್ರಬಂಧ: ಕು. ನಾಗಲಕ್ಷ್ಮಿ, ರಾಯದುರ್ಗ.’ ರಾಯದುರ್ಗದಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದ ಹಂಪಕ್ಕ ಬೆಳಿಗ್ಗೆಯೇ ಅದರ ಫೋಟೋ ಫೋನಿಗೆ ತರಿಸಿಕೊಂಡು ಓಣಿಯ ಮಂದಿಗೆಲ್ಲ ತೋರಿಸಿಯೂ ಆಗಿತ್ತು. ತೋರಿಸಲಿ ಬಿಡಿ, ಮಗಳು ಆರು ವರ್ಷ ಆ ಕಂಪನಿಯ ಟೆಂಪರರಿ ಕೆಲಸದಲ್ಲಿ ಸವೆದಿದ್ದಾಳೆ. ಇವತ್ತು ಹೈದರಾಬಾದಿನಿಂದ ಬಂದ ದೊಡ್ಡವರು ತಲೆಯಾಡಿಸಿದರೆ ಕೆಲಸ ಪರ್ಮನೆಂಟು. ಜನವರಿಯಲ್ಲಿ ವಿಶಾಖಪಟ್ಟಣದ ದೊಡ್ಡ ಸಮ್ಮೇಳನದಲ್ಲಿ ಇದೇ ಪ್ರಬಂಧ ಓದುವುದಿತ್ತು.

ಪ್ರಬಂಧದಲ್ಲಿದ್ದದ್ದು ಇಷ್ಟೇ. ರತ್ನಗಿರಿ ಹತ್ತಿರ ಕದರಮ್ಮನ ಕಡಲೆಕಾಯಿ ಹೊಲದಲ್ಲಿ ಅಕ್ಕಪಕ್ಕ ಎರಡು ಪಟ್ಟಿ. ಒಂದಕ್ಕೆ ಕಂಪನಿಯ ಹೊಸ ಫಾಸ್ಫೇಟ್ ಪುಡಿ ಪೂರ್ತಿ, ಇನ್ನೊಂದಕ್ಕೆ ಅದರ ಅರ್ಧ. ಮೂರು ವರ್ಷವೂ ಎರಡು ಪಟ್ಟಿ ಒಂದೇ ಸಮ ಕಾಯಿ ಕೊಟ್ಟಿದ್ದವು. ಪ್ರಯೋಗ ಶುರುವಾದದ್ದು ಐದು ಹೊಲದಲ್ಲಿ. ಎರಡನ್ನು ಮಾಲೀಕರು ಮಾರಿಕೊಂಡರು, ಒಂದನ್ನು ಹಂದಿ ತೋಡಿ ಹಾಳು ಮಾಡಿದವು, ಇನ್ನೊಂದರಲ್ಲಿ ರೇಷ್ಮೆಗೆಂದು ಹಿಪ್ಪುನೇರಳೆ ಎದ್ದಿತು. ಉಳಿದದ್ದು ಕದರಮ್ಮನದೊಂದೇ. ‘ಅರ್ಧ ಮೂಟೆ ಸಾಕು’ ಎಂಬ ಕಂಪನಿಯ ಮಾತೆಲ್ಲ ಆ ಮುದುಕಿಯ ಹೊಲದ ಮೇಲೆ ನಿಂತಿತ್ತು.

ಅದಕ್ಕೇ ಅವಳಿಗೆ ಇವತ್ತು ಶಾಲು ಹೊದಿಸುವವರಿದ್ದರು. ಬೆಳಿಗ್ಗೆ ತಿಂಡಿಗೆ ಕೂರಿಸಿದರೆ ಕದರಮ್ಮ ಎಲೆ ಮುಟ್ಟಲಿಲ್ಲ. ಬಾಗಿಲಾಚೆ ನಿಂತಿದ್ದ ಜೀಪಿನ ಡ್ರೈವರ್ ಯರ್ರಿಸ್ವಾಮಿಯನ್ನು ತೋರಿಸಿ, “ಆ ಅಪ್ಪಂಗೂ ಹಾಕ್ರಪ್ಪ, ಆಮೇಲೆ ತಿಂತೀನಿ” ಅಂದಳು. ಬಡಿಸುವವನು, ಅವರದು ಎರಡನೇ ಪಂಕ್ತಿ ಅಂದ.

“ಯಾಕೆ, ಅವನಿಗೆ ಹಸಿವೂ ಎರಡನೇದಾ?”

ಯರ್ರಿಸ್ವಾಮಿ ನಾಚಿಕೊಂಡು ಬಂದು ಕೂತ ಮೇಲೆಯೇ ಅವಳು ಉಪ್ಪಿಟ್ಟಿಗೆ ಕೈ ಹಾಕಿದ್ದು. ಪಕ್ಕದಲ್ಲಿದ್ದ ನಾಗಲಕ್ಷ್ಮಿಗೆ ನಗು ಬಂತು. “ಭಾಳ ಹಟ ಬಿಡ್ರಿ ಅಮ್ಮಾ ನಿಮ್ದು.”

“ಹಟ ಅಲ್ಲ ಕಣವ್ವ. ಪಂಕ್ತೀಲಿ ಭೇದ ಮಾಡಬಾರ್ದು. ನಿನ್ನ ಪಟ್ಟಿಗೂ ಹಂಗೇ ಅಲ್ವಾ ನಾನು ಮಾಡಿದ್ದು.”

“ಯಾವ ಪಟ್ಟಿಗ್ರಿ?”

“ಅದೇ, ಅರ್ಧ ಹಾಕ್ತಿದ್ರಲ್ಲ, ಅದಕ್ಕೆ. ನೀವು ಗೂಟ ಹೊಡ್ದು ಹೋದ ಮೇಲೆ ನಾಲ್ಕು ದಿನ ಕುರಿಗೊಬ್ಬರ ಹೊತ್ತು ಹಾಕಿ ಮಣ್ಣಿಗೆ ಸೇರಿಸ್ತಿದ್ದೆ. ಮೂರು ವರ್ಸವೂ. ಬ್ಯಾರೆ ಏನೂ ಹಾಕಬ್ಯಾಡ ಅಂದಿದ್ರಿ, ಗೊತ್ತು. ಒಂದೇ ಹೊಲದಾಗೆ ಒಂದಕ್ಕೆ ಹೊಟ್ಟೆ ತುಂಬ, ಒಂದಕ್ಕೆ ಅರೆಹೊಟ್ಟೆ. ನನ್ನ ಕೈ ಕೇಳಲಿಲ್ಲ.”

ನಾಗಲಕ್ಷ್ಮಿ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟಳು. ಮೂರು ವರ್ಷ ಬಿಸಿಲಲ್ಲಿ ಕೂತು ಗಿಡ ಕಿತ್ತು, ಕಾಯಿ ಎಣಿಸಿ, ಒಣಗಿಸಿ ತೂಗಿದ್ದೆಲ್ಲ ಈ ಮುದುಕಿ ಹೊತ್ತ ಗೊಬ್ಬರದ ಮಂಕರಿಯ ಲೆಕ್ಕವಾಗಿತ್ತು. ಸಿಟ್ಟು ಬಂತೇ ಅಂದರೆ ಬಂತು. ಆದರೆ ಕದರಮ್ಮ ಇನ್ನೊಂದು ತುತ್ತನ್ನು ಎಷ್ಟು ನೆಮ್ಮದಿಯಿಂದ ತಿನ್ನುತ್ತಿದ್ದಳೆಂದರೆ, ಬೈಯುವುದಕ್ಕೆ ನಾಲಿಗೆಯೇ ಏಳಲಿಲ್ಲ.

ಅವಳು ನೇರ ಹೋದದ್ದು ತನ್ನ ಮೇಲಿನ ಅಧಿಕಾರಿ ಆದಿನಾರಾಯಣ ಅವರ ಹತ್ತಿರ. ಕೆಟ್ಟ ಮನುಷ್ಯರಲ್ಲ, ರಿಟೈರಾಗಲು ಎರಡು ವರ್ಷ ಉಳಿದ ಮನುಷ್ಯ. ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು.

“ಚೂಡಮ್ಮಾ, ಇಲ್ಲಿ ನೋಡು, ಹೈದರಾಬಾದಿನವರು ಮುಂದಿನ ಸಾಲಲ್ಲಿ ಕೂತಿದ್ದಾರೆ. ಕರಪತ್ರ ಛಾಪಾಗಿದೆ. ಈಗ ಓದಿಬಿಡು. ಆಮೇಲೆ ನೋಡೋಣ. ಕುರಿಗೊಬ್ಬರದಿಂದಲೇ ಬೆಳೆ ಬಂತು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ.”

“ಬಿತ್ತನಿಗೆ ಹತ್ತು ದಿನ ಐತ್ರಿ ಸಾರ್. ಆಮೇಲೆ ಅಂದ್ರ ಯಾವಾಗ್ರಿ?”

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಎದ್ದು ಹೋದರು. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕರೆದರು. ಹೋದಳು. ಓದಿಯೂ ಬಿಟ್ಟಳು. ಯಾಕೆ ಓದಿದೆ ಅಂತ ಆಮೇಲೆ ತನ್ನನ್ನೇ ಕೇಳಿಕೊಂಡಾಗ ಕಣ್ಣೆದುರು ಬಂದದ್ದು ಅಮ್ಮನ ಫೋನಿನಲ್ಲಿದ್ದ ಬ್ಯಾನರು. ಅದು ಬರೀ ಸಬೂಬು ಅಂತ ಅವಳಿಗೂ ಗೊತ್ತಿತ್ತು.

ಅಗಳಿ ಊರಿನ ರೈತ ತಿಪ್ಪೇಶ ಎದ್ದು ನಿಂತ. ನಲವತ್ತರ ಗಟ್ಟಿ ಆಳು, ಸುಲಭಕ್ಕೆ ಯಾರನ್ನೂ ನಂಬುವವನಲ್ಲ. “ಮೇಡಂ, ಸುತ್ತಿ ಬಳಸಿ ಹೇಳಾದು ಬ್ಯಾಡ. ಈ ಸಲ ಅರ್ಧ ಹಾಕಿದ್ರೆ ಸಾಕಾ? ನೀವು ಹೇಳಿ, ನಾವು ನಲವತ್ತು ಮನೇರು ಹಂಗೇ ಮಾಡ್ತೀವಿ.”

ಸಭೆಯೆಲ್ಲ ಅವಳ ಬಾಯಿ ನೋಡಿತು. ಆದಿನಾರಾಯಣ ಮಾತ್ರ ನೆಲ ನೋಡಿದರು.

“ಸಾಕ್ರಿ,” ಅಂದಳು ನಾಗಲಕ್ಷ್ಮಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೈದರಾಬಾದಿನವರು ಚಪ್ಪಾಳೆ ತಟ್ಟಿದರು. ಕದರಮ್ಮನಿಗೆ ಶಾಲು ಹೊದಿಸಿದರು, ಕರಪತ್ರ ಹಂಚಿದರು, ಊಟವೂ ಆಯಿತು. ಅಗಳಿಯವರು ಕೈ ತೊಳೆದವರೇ ಕರಪತ್ರವನ್ನು ಜೇಬಿಗೆ ಮಡಚಿಟ್ಟುಕೊಂಡು ಬಸ್ಸಿಗೆ ಹೊರಟರು. ನಾಗಲಕ್ಷ್ಮಿ ಎಲೆಯ ಮೇಲಿನ ಅನ್ನ ಕೆದಕಿ ಎದ್ದಿದ್ದಳು, ಅಷ್ಟೇ.

ನಲ್ಲಿಯ ಹತ್ತಿರ ಕದರಮ್ಮ ಸಿಕ್ಕಳು. ಶಾಲು ಒದ್ದೆಯಾಗಬಾರದೆಂದು ಕಂಕುಳಲ್ಲಿ ಇರುಕಿಕೊಂಡಿದ್ದಳು. “ಎಷ್ಟು ಚೆಂದ ಹೇಳ್ದೆ ಮಗಳೇ. ಅರ್ಧವೇ ಸಾಕಂತೆ, ನನಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ. ಇನ್ನು ಆ ಕುರಿಗೊಬ್ಬರ ಹೊರಾದು ಬಿಟ್ಟೆ ಕಣವ್ವ. ಸೊಂಟ ಬಿದ್ದೋಗೈತೆ. ನೀನು ಓದಿದೋಳು, ಸುಳ್ಳು ಹೇಳ್ತೀಯಾ?”

ಇಷ್ಟು ಹೊತ್ತು ತಡೆದದ್ದು ಇನ್ನು ತಡೆಯಲಾಗಲಿಲ್ಲ. “ಹೇಳೀನ್ರಿ ಅಮ್ಮಾ,” ಅಂದಳು. “ಸುಳ್ಳೇ ಹೇಳೀನಿ. ಆ ಪಟ್ಟಿ ಸಾಕಿದ್ದು ಪುಡಿ ಅಲ್ರಿ, ನಿಮ್ಮ ಕುರಿಗೊಬ್ಬರ ಅನ್ಸತೈತಿ. ಅರ್ಧ ನೆಚ್ಚಿಕೊಂಡ್ರ ಶೇಂಗಾ ಜೊಳ್ಳಾದೀತು. ನೀವು ಬೆಳಿಗ್ಗೆ ಹೇಳಿದಾಗಲೇ ನನಗ ಗೊತ್ತಾಗಿತ್ತು.”

ಕದರಮ್ಮ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. “ಹಂಗಾದ್ರೆ ನಾನು ಹಾಕಿದ್ದು ತಪ್ಪಾ?”

“ನೀವು ಹಾಕಿದ್ದಲ್ರಿ. ಮೂರು ವರ್ಷ ನಾನು ಒಂದ್ ಮಾತು ಕೇಳ್ಲಿಲ್ಲ, ಅದು ತಪ್ಪು. ಕೇಳಿದ ಮ್ಯಾಲೂ ಬಾಯಿ ಬಿಡ್ಲಿಲ್ಲ, ಅದು ದೊಡ್ಡ ತಪ್ಪು.”

ಮಧ್ಯಾಹ್ನದ ಸಭೆ ಶುರುವಾಗುತ್ತಿದ್ದಂತೆ ನಾಗಲಕ್ಷ್ಮಿ ಯಾರನ್ನೂ ಕೇಳದೆ ಮೈಕ್ ಹಿಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೆಳಿಗ್ಗೆಯ ಪ್ರಬಂಧ ವಾಪಸ್ ತಗೊಂಡೀನಿ ಅಂದಳು. ಹೈದರಾಬಾದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದಿದ್ದ ರೊಳ್ಳದ ಕಡೆಯ ರೈತರು ಕರಪತ್ರ ತೆಗೆದು ಕುರ್ಚಿಯ ಮೇಲಿಟ್ಟರು. ಇಳಿದು ಬಂದವಳಿಗೆ ಆದಿನಾರಾಯಣ ಬೈಯಲಿಲ್ಲ. “ಕೈಯಾರೆ ಮುಗಿಸಿಕೊಂಡೆಯಲ್ಲಮ್ಮಾ,” ಅಂದು ಲ್ಯಾಪ್‌ಟಾಪ್ ಮುಚ್ಚಿದರು.

ಆದರೆ ಅಗಳಿಯ ನಲವತ್ತು ಕರಪತ್ರ ಆಗಲೇ ಊರು ಸೇರಿದ್ದವು. ಸಂಜೆ ಅಗಳಿಯ ಬಸ್ಸು ಹತ್ತಿದ ನಾಗಲಕ್ಷ್ಮಿಯ ಪಕ್ಕದಲ್ಲಿ ಕದರಮ್ಮನೂ ಬಂದು ಕೂತಳು. ನಿಮ್ಮ ಬಸ್ಸು ಇದಲ್ಲ ಅಂದರೆ, “ಗೊತ್ತು, ಆ ಕಡೆ ಸರ್ಕೋ” ಅಂದಳು. ಅಮ್ಮನ ಫೋನು ಎರಡು ಸಲ ಬಂತು. ನಾಗಲಕ್ಷ್ಮಿಗೆ ಎತ್ತುವ ಧೈರ್ಯ ಸಾಲಲಿಲ್ಲ.

ತಿಪ್ಪೇಶನ ಮನೆ ಮುಂದೆ ಪುಡಿಯ ಮೂಟೆ ಇಳಿದಿತ್ತು. ಬರುವಾಗಲೇ ಅಂಗಡಿಯಿಂದ ಹಾಕಿಸಿಕೊಂಡು ಬಂದಿದ್ದ. ಪ್ರತಿ ವರ್ಷ ಹಾಕುವ ಗೊಬ್ಬರದ ಅರ್ಧ ತೂಕ. ಅವಳು ಹೇಳಿದ್ದನ್ನೆಲ್ಲ ಅವನು ಕೈ ಕಟ್ಟಿಕೊಂಡು ಕೇಳಿದ.

“ಬೆಳಿಗ್ಗೆ ಸಾಕು, ಸಂಜೆ ಸಾಲದು. ನಾಳೆ ಏನು ಹೇಳ್ತೀರಿ ಮೇಡಂ? ನಿಮ್ಮ ಯಾವ ಮಾತು ನಂಬಾನ ನಾವು?”

ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾಗಲಕ್ಷ್ಮಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು. ಹಿಂದೆ ನಿಂತಿದ್ದ ಕದರಮ್ಮ ಮುಂದೆ ಬಂದು ಮೂಟೆಯ ಮೇಲೆ ಕೂತಳು.

“ಅಲ್ಲ ಕಣಪ್ಪ, ಗೊಬ್ಬರ ಹಾಕಿದೋಳು ನಾನು, ನನ್ನ ಕೇಳು. ಇವಳು ಬೆಳಿಗ್ಗೆ ಸುಳ್ಳು ಹೇಳಿದ್ಲು, ನಿಜ. ಅದನ್ನ ಸುಳ್ಳು ಅಂತ ಹೇಳಾಕೆ ಬಸ್ ಹತ್ತಿ ನಿನ್ನ ಬಾಗಿಲಿಗೆ ಬಂದವ್ಳೆ. ಸರಿ ಹೇಳ್ತೀವಿ ಅನ್ನೋರು ಯಾರಾದ್ರೂ ಇಲ್ಲೀಗಂಟ ಬಂದವ್ರಾ?”

ತಿಪ್ಪೇಶ ಕಟ್ಟಿದ ಕೈ ಬಿಚ್ಚಿದ. ಒಳಗೆ ಹೋಗಿ, ಗೋಡೆಗೆ ಅಂಟಿಸಿದ್ದ ಕರಪತ್ರ ಕಿತ್ತು ತಂದು ನಾಗಲಕ್ಷ್ಮಿಯ ಕೈಗಿಟ್ಟ. ನಂಬಿದನೋ ಇಲ್ಲವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ.

“ಪಕ್ಕದ ಮನೆಯೋರು ಹೊಲದಿಂದ ಬಂದವ್ರೆ,” ಅಂದ ಆಮೇಲೆ. “ಬರ್ರಿ, ತೋರಿಸ್ತೀನಿ.”

ಇನ್ನೂ ಮೂವತ್ತೊಂಬತ್ತು ಮನೆ ಇದ್ದವು. ಕದರಮ್ಮ ಮಂಡಿ ಹಿಡಿದುಕೊಂಡು ಎದ್ದು, ಶಾಲನ್ನು ಅದೇ ಮೂಟೆಯ ಮೇಲೆ ಬಿಟ್ಟು ಹಿಂದೆ ಹೊರಟಳು.