ಒಳಗೆ ಹೋದವರು ಹೇಳುತ್ತಿರಬೇಕು

ಚಿಕಿತ್ಸೆಯ ಮೇಜಿನಿಂದ ಚನಿಯಪ್ಪ ಎರಡು ಸಲ ಎದ್ದು ಬಂದಿದ್ದ. ಎರಡನೆಯ ಸಲವಂತೂ ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲೇ ಪುತ್ತೂರಿನ ಮುಖ್ಯರಸ್ತೆಯವರೆಗೆ ನಡೆದುಬಿಟ್ಟಿದ್ದ. ಅವನ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ತೂತಿತ್ತು. ಐವತ್ತಾರು ವರ್ಷ ಯಾರಿಗೂ ತಿಳಿಯದೆ ಉಳಿದಿದ್ದ ಅದು ಈಗ ಅವನ ಉಸಿರನ್ನೇ ಕಸಿಯತೊಡಗಿತ್ತು. ಇನ್ನು ತಡಮಾಡಿದರೆ ಮುಚ್ಚುವುದು ಸಾಧ್ಯವಾಗದು ಎಂದು ಡಾಕ್ಟರ್ ಮುಫೀದಾ ಎಚ್ಚರಿಸಿದ್ದರು.

ಮೂರನೆಯ ಸಲ ಅವನನ್ನು ಕರೆತಂದ ಹೆಂಡತಿ ಸೇವಂತಿ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದಳು. "ಗುಡ್ಡೆಯ ಹೊಟ್ಟೆಯೊಳಗೆ ಮೂವತ್ತು ಕೋಲು ದೂರ ಒಬ್ಬರೇ ಹೋಗುವ ಜನ ಮೇಡಂ ಇದು. ಒಂದು ಸೂಜಿ ಕಂಡ್ರೆ ಓಡುದು!"

ನೀರಿಗಾಗಿ ಸುಳ್ಯದ ಗುಡ್ಡಗಳ ಒಡಲಿಗೆ ಅಡ್ಡಲಾಗಿ ಸುರಂಗ ತೋಡುವುದು ಚನಿಯಪ್ಪನ ಕಸುಬು.

"ಸೂಜಿಗೆ ಅಲ್ಲ," ಎಂದ ಅವನು, ನೆಲ ನೋಡುತ್ತ.

"ಮತ್ತೆಂತಕ್ಕೆ?" ಮುಫೀದಾ ಕೇಳಿದರು. ಕಾಣಿಯೂರಿನ ಬ್ಯಾರಿ ಮನೆತನದ ಅವರು ಎಷ್ಟು ದೂರ ಹೋಗಿ ಓದಿ ಬಂದರೂ ರೋಗಿಗಳೊಡನೆ ಊರಿನ ಮಾತನ್ನು ಬಿಟ್ಟವರಲ್ಲ.

"ಮಾಯಿಲಪ್ಪ ಅಂತ ನನ್ನ ಜೊತೆಗಾರ ಇದ್ದ. ನಾನು ಸರಿ ನೋಡದೆ, ಗಟ್ಟಿ ಉಂಟು ಹೋಗು ಅಂತ ಅವನನ್ನು ಒಳಗೆ ಕಳಿಸಿದೆ. ಮೇಲಿನಿಂದ ಮಣ್ಣು ಕುಸಿದು ಅವನ ಕಾಲು ಹೋಯಿತು. ನೀವು ತೊಡೆಯಲ್ಲಿ ನಳಿಗೆ ತೂರಿಸಿ ಎದೆಯವರೆಗೆ ಹೋಗಿ ತೂತಿಗೆ ಮುಚ್ಚಳ ಇಡ್ತೀರಂತೆ. ಒಳಗೆ ಎಂತ ಉಂಟು ಅಂತ ನಿಮಗೆ ಹೇಗೆ ಗೊತ್ತು?"

ಮುಫೀದಾ ನಗಲಿಲ್ಲ. ಎದ್ದು ಹೋಗಿ, ಹಣೆಗೆ ಪಟ್ಟಿ ಬಿಗಿಯುವಂಥ ದಪ್ಪನೆಯ ಕನ್ನಡಕವೊಂದನ್ನು ತಂದರು. "ನಾನು ಇದನ್ನು ಹಾಕಿಕೊಂಡೇ ಒಳಗೆ ಹೋಗುದು. ನಿಮ್ಮ ಸ್ಕ್ಯಾನಿನಿಂದ ಮಾಡಿದ ರೂಪ ಇದರಲ್ಲಿ ಉಂಟು. ನೀವೇ ನೋಡಿ."

ಕನ್ನಡಕದೊಳಗಿಂದ ಕೋಣೆ ಎಂದಿನಂತೆಯೇ ಕಂಡಿತು. ಮೇಜು, ಕಿಟಕಿ, ಮುನಿದ ಸೇವಂತಿ, ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ನಡುವಿನ ಗಾಳಿಯಲ್ಲಿ ಕುಂಬಳಕಾಯಿಯಷ್ಟು ದೊಡ್ಡದಾದ ಹೃದಯವೊಂದು ತೂಗುತ್ತಿತ್ತು. ಚನಿಯಪ್ಪ ಅದಕ್ಕೆ ಒಂದು ಸುತ್ತು ಬಂದ. ಕೆಳಗಿನಿಂದ ದಪ್ಪ ರಕ್ತನಾಳ ಒಳಹೊಗುವ ಜಾಗವನ್ನು ಕಂಡವನೇ ಮೊಣಕಾಲೂರಿ, ತಲೆ ತಗ್ಗಿಸಿ, ಹಾಗೆಯೇ ಮುಂದಕ್ಕೆ ಸರಿದ.

"ಎಂತ ಮಾರಾಯ್ರೆ, ಡಾಕ್ಟ್ರ ಮೇಜಿನ ಅಡಿಗೆ ಹೋಗುದು?" ಎಂದಳು ಸೇವಂತಿ.

"ಸುಮ್ಮನಿರು, ಒಳಗಿದ್ದೇನೆ."

ತೂತಿನ ಸುತ್ತ ಅವನ ಬೆರಳು ಗಾಳಿಯಲ್ಲಿ ನಿಧಾನವಾಗಿ ಹರಿದು ಒಂದೆಡೆ ನಿಂತಿತು. "ಈ ಕೆಳಗಿನ ಅಂಚು ಸಪೂರ ಉಂಟಲ್ಲ? ಮುಚ್ಚಳ ಇಟ್ಟರೆ ಹಿಡಿತದಾ?"

ಮುಫೀದಾ ಅವನ ಪಕ್ಕದಲ್ಲಿ ಬಾಗಿದರು. "ನನಗೂ ಅಲ್ಲೇ ಹೆದರಿಕೆ ಇರುದು. ಹಿಡಿಯಬಹುದು. ಹಿಡಿಯದಿದ್ದರೆ ಅದನ್ನು ಅಲ್ಲಿ ಬಿಟ್ಟು ಬರುದಿಲ್ಲ, ವಾಪಸ್ ತೆಗಿತೇನೆ."

ಈವರೆಗೆ ಎಲ್ಲರೂ ಅವನಿಗೆ ಹೆದರಬೇಡ ಎಂದಷ್ಟೇ ಹೇಳಿದ್ದರು. ತಮ್ಮ ಹೆದರಿಕೆಯನ್ನು ಹೇಳಿದವರು ಇವರೊಬ್ಬರೇ. ಅವನು ಕನ್ನಡಕ ತೆಗೆದು ಹೆಂಡತಿಯ ಕೈಗಿತ್ತ.

ಸೇವಂತಿ ನೋಡಿದಳು. "ಬಲಬದಿ ಎಂತಕ್ಕೆ ಇಷ್ಟು ಊದಿದೆ ಮೇಡಂ?"

"ತೂತಿನಿಂದ ನುಗ್ಗಿ ಬರುವ ರಕ್ತವನ್ನೂ ಅದೇ ತಳ್ಳಬೇಕಲ್ಲ. ಹುಟ್ಟಿದಾಗಿನಿಂದ ಎರಡಾಳಿನ ಕೆಲಸ ಮಾಡಿ ಹಾಗಾದದ್ದು."

ಗುಡ್ಡ ಹತ್ತುವಾಗ ನಡುವೆ ಕುಳಿತುಬಿಡುತ್ತಿದ್ದ ಗಂಡನನ್ನು ಸೋಮಾರಿಯೆಂದು ಅವಳು ಎಷ್ಟು ವರ್ಷ ಹಂಗಿಸಿದ್ದಳೋ! ಈಗ ಎರಡೂ ಕೈ ಚಾಚಿ ಆ ಹೃದಯವನ್ನು ಹಿಡಿಯಲು ಹೋದಳು. ಕೈಗೆ ಏನೂ ತಾಗಲಿಲ್ಲ. ಆದರೂ ಬೊಗಸೆಯನ್ನು ಅದರ ಕೆಳಗೆ ಹಾಗೆಯೇ ಹಿಡಿದು ನಿಂತಳು.

"ಇದರ ಪಟ್ಟಿ ಬಿಗಿ ಉಂಟು," ಎಂದಳು, ತೆಗೆದು ಕೊಡುತ್ತ. "ಕಣ್ಣಲ್ಲಿ ನೀರು ಬರ್ತದೆ."

ಚನಿಯಪ್ಪ ಮೊಣಕಾಲಿನ ಧೂಳು ಕೊಡವಿಕೊಂಡ. "ನಾಳೆ ಮಲಗ್ತೇನೆ ಮೇಡಂ. ಆದರೆ ಒಳಗೆ ಹೋದವರು ಎಲ್ಲಿದ್ದೇನೆ ಅಂತ ಹೇಳ್ತಾ ಇರಬೇಕು. ನಮ್ಮ ಕೆಲಸದಲ್ಲಿ ಹಾಗೆ. ಶಬ್ದವೇ ಇಲ್ಲದಿದ್ದರೆ ಹೊರಗೆ ಕೂತವ ಹೇಗೆ ಕೂರುದು?"

"ಆಯಿತು ಚನಿಯಪ್ಪಣ್ಣ. ಹೇಳ್ತೇನೆ."

ಮರುದಿನ ಬೆಳಿಗ್ಗೆ ತೊಡೆಯನ್ನಷ್ಟೇ ಮರಗಟ್ಟಿಸಿದರು. ಕನ್ನಡಕ ಧರಿಸಿದ ಮುಫೀದಾರ ಕಣ್ಣಿಗೆ ಅವನ ಎದೆಯ ಮೇಲೆಯೇ ಆ ರೂಪ ತೂಗುತ್ತಿತ್ತು. ನಳಿಗೆಯ ತುದಿ ಎಲ್ಲಿದೆಯೆಂಬುದನ್ನು ಪಕ್ಕದ ಪರದೆ ತೋರಿಸುತ್ತಿತ್ತು.

"ಸೊಂಟ ದಾಟಿದೆ."

"ಹ್ಞೂಂ," ಎಂದ ಚನಿಯಪ್ಪ.

"ಬಲಬದಿಯ ಕೋಣೆಗೆ ಬಂದೆ. ತೂತಿನ ಎದುರು ಇದ್ದೇನೆ."

"ಹ್ಞೂಂ."

ಆಮೇಲೆ ಮಾತು ನಿಂತಿತು. ಪರದೆಯ ಮೇಲೆ ಮುಚ್ಚಳದ ಒಂದು ಅಂಚು ವಾಲುತ್ತಿತ್ತು. ಚನಿಯಪ್ಪನ ಕಾಲ್ಬೆರಳುಗಳು ಬಿಗಿದುಕೊಂಡವು. ಅವನು ಎದ್ದಾನೆಂದು ನರ್ಸ್ ಅವನ ಭುಜದ ಮೇಲೆ ಕೈಯಿಟ್ಟಳು.

"ಹಿಡಿಯಲಿಲ್ಲ ಅಣ್ಣಾ." ಮುಫೀದಾರ ಸ್ವರ ಕುಗ್ಗಿತ್ತು. "ಆ ಸಪೂರ ಅಂಚೇ. ವಾಪಸ್ ತೆಗಿತಾ ಇದ್ದೇನೆ."

ಚನಿಯಪ್ಪ ಚಾವಣಿಯನ್ನು ನೋಡುತ್ತ ಮಲಗಿಯೇ ಇದ್ದ. "ಅವಸರ ಮಾಡ್ಬೇಡಿ ಮೇಡಂ. ಸ್ವಲ್ಪ ಉಸಿರು ತೆಕ್ಕೊಳ್ಳಿ. ನಾನು ಎಲ್ಲಿಗೂ ಹೋಗುದಿಲ್ಲ."

ಮುಫೀದಾ ನಿಜವಾಗಿಯೂ ಒಮ್ಮೆ ಉಸಿರೆಳೆದುಕೊಂಡರು. ಗಾಳಿಯಲ್ಲಿ ಬೆರಳಾಡಿಸಿ ಆ ಹೃದಯವನ್ನು ಹಿಂದುಮುಂದಾಗಿ ತಿರುಗಿಸಿ, ಅಂಚನ್ನು ಬೆನ್ನ ಕಡೆಯಿಂದ ನೋಡಿದರು. ಈ ಸಲ ಬೇರೆ ಓರೆಯಲ್ಲಿ ಹೋದರು. ಮುಚ್ಚಳ ಗೋಡೆಯ ಎರಡೂ ಬದಿಗೆ ಕೂತಿತು. ಮೆಲ್ಲನೆ ಎಳೆದು ನೋಡಿದರೂ ಅಲುಗಲಿಲ್ಲ.

"ಹಿಡಿಯಿತು!"

ಹೊರಗಿನ ಬೆಂಚಿನಲ್ಲಿದ್ದ ಸೇವಂತಿ, ಹೊರಬಂದ ಮುಫೀದಾರನ್ನು ಕಂಡು ತಟ್ಟನೆ ಎದ್ದಳು. "ಓಡಿದ್ರಾ?"

"ಇಲ್ಲ ಸೇವಂತಕ್ಕ. ತೂತು ಮುಚ್ಚಿ ಆಯಿತು. ನಡುವೆ ನನ್ನ ಕೈ ಸೋತಾಗ ಅವರೇ ನನಗೆ ಧೈರ್ಯ ಹೇಳಿದ್ದು."

"ಹೌದಾ?" ಸೇವಂತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂವತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿದ್ದಿಲ್ಲ, ಆ ಜನ." ಹಾಗೆನ್ನುತ್ತಲೇ, ಒಳಗೆ ಹೋಗಬಹುದೇ ಎಂದು ಕೇಳಲೂ ಮರೆತು, ಬಾಗಿಲು ತಳ್ಳಿ ಒಳಗೆ ನಡೆದಳು.