ಸಾಯನ್ಸ್ ಖೋಲಿಯ ಕಪ್ಪೆ

ನಮ್ಮನ್ನು ಹೆತ್ತ ಆಯಿ ಅಕ್ಕಮ್ಮನಿಗೆ ಹಾಲು ಕಂಡರೂ ಅನುಮಾನ, ಮಜ್ಜಿಗೆ ಕಂಡರೂ ಅನುಮಾನ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಅಣ್ಣ ಜಿನ್ನಪ್ಪ ಜಮಖಂಡಿಯಲ್ಲಿ ಸಂಸ್ಥಾನದ ಹೈಸ್ಕೂಲು ಸೇರಿದಾಗ, ಬೋರ್ಡಿಂಗಿನಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣಿಸುತ್ತಾರೆಂದು ಗುಮಾನಿಪಟ್ಟು, ತೇರದಾಳದ ಮನೆ ಬಿಟ್ಟು ಬಂದು ಬಾಡಿಗೆ ಖೋಲಿ ಹಿಡಿದಳು. ನೀರು ಹೊರಲು ನನ್ನನ್ನೂ ಎಳೆತಂದಳು. ನೀರು ಸೋಸಿದ ಅರಿವೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಾಡಿಸಬೇಕು, ಕಣ್ಣಿಗೆ ಕಾಣದ ಹುಳವೂ ಸಾಯಬಾರದು. ಆ ಕೆಲಸವೂ ನನ್ನದೇ.

ಅಣ್ಣನಿಗೆ ಕೃಷ್ಣಾ ಹೊಳೆಗೆ ಸೇತುವೆ ಕಟ್ಟುವ ಹುಚ್ಚು. ಆ ವರ್ಷ ಸಂಸ್ಕೃತವೋ ಸಾಯನ್ಸೋ ಒಂದನ್ನು ಆರಿಸಬೇಕಿತ್ತು. ಸಾಯನ್ಸ್ ಇಲ್ಲದವನು ಇಂಜಿನಿಯರ್ ಆಗುವ ಆಸೆ ಬಿಡಬೇಕೆಂದು ಮಾಸ್ತರರು ಹೇಳಿದ್ದರು. ಅಣ್ಣ ಸಾಯನ್ಸ್ ಬರೆಸಿ ಬಂದ.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಮಲ್ಲಪ್ಪ ಬಾಯಿ ಹಾಕಿದ. "ಸಾಯನ್ಸ ಖೋಲ್ಯಾಗ ಕಪ್ಪಿ ಕೊಯ್ತಾರಂತ್ರೀ ಅಕ್ಕಮ್ಮಾರ." ಆ ಪುಣ್ಯಾತ್ಮ ಸಾಲಿಯ ಮೆಟ್ಟಿಲು ಹತ್ತಿದವನೇ ಅಲ್ಲ.

ಅಂದಿನಿಂದ ನಮ್ಮ ಖೋಲಿ ಪೊಲೀಸ್ ಚೌಕಿಯಾಯಿತು. ಅಣ್ಣ ಬಂದ ಕೂಡಲೇ ಆಯಿ ಅವನ ಕೈ ಮೂಸಿ ನೋಡುವಳು.

"ಇವತ್ತ ಎಷ್ಟ ಜೀವಾ ತಗದಿ?"

"ಅಲ್ಲಿ ಕಪ್ಪೀನ ಇಲ್ಲ ಬೇ ಆಯಿ. ರಾಟಿ, ತಕ್ಕಡಿ, ಸೂಜಿಗಲ್ಲು ಅದಾವ."

"ಕಳ್ಳ ಎಂದಾರ ಕದ್ದೇನಿ ಅಂತಾನೇನು?"

ಒಂದು ದಿನ ಅವನ ಊಟದ ತಾಟನ್ನು ಹೊಸ್ತಿಲಾಚೆ ಇಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅಣ್ಣ ಅಲ್ಲೇ ಕೂತು ಉಂಡ. ವಾರ ಕಳೆದ ಮೇಲೆ, "ಸಾಯನ್ಸ ಬಿಟ್ಟೇನಿ ಆಯಿ. ಸಂಸ್ಕೃತ ತಗೊಂಡೇನಿ" ಎಂದ. ಆಯಿ ಅದನ್ನೂ ನಂಬಲಿಲ್ಲ. ತಾಟು ಹೊರಗೇ ಉಳಿಯಿತು.

ದೀಪಾವಳಿ ಸೂಟಿ ಮುಗಿದ ಮೇಲೆ ಅವನ ಸುಳ್ಳು ಹಿಡಿಯುತ್ತೇನೆಂದು ಆಯಿ ನನ್ನ ಕೈ ಹಿಡಿದುಕೊಂಡು ಸೀದಾ ಸಾಲಿಗೆ ನಡೆದಳು. ಸಾಯನ್ಸ್ ಖೋಲಿಯ ಮೂಲೆಮೂಲೆ ಹುಡುಕಿದಳು. ರಾಟೆ, ತಕ್ಕಡಿ, ಸೂಜಿಗಲ್ಲು. ಅಣ್ಣ ಪಕ್ಕದ ಖೋಲಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಬಾರದ ಸಂಸ್ಕೃತವನ್ನು ತಡವರಿಸಿ ಓದುತ್ತಿದ್ದ.

"ಇಂಜಿನೇರ ಆಗಾವ್ರಿಗೆ ಕಪ್ಪಿ ಯಾಕ ಬೇಕ್ರೀ?" ಎಂದರು ಸಾಯನ್ಸ್ ಮಾಸ್ತರರು. "ಛಲೋ ಹುಡುಗ. ಬಿಟ್ಟ ಹೋದಾಗ ನನಗೂ ಕೆಟ್ಟ ಅನಿಸ್ತು."

"ಹಂಗಾರ ಇವತ್ತ ತಿರುಗಿ ಸೇರಿಸ್ಕೋರಿ."

"ಸೂಟಿ ಆದ ಮ್ಯಾಲ ವಿಷಯ ಬದಲ ಮಾಡಾಕ ಬರಂಗಿಲ್ಲರೀ ಅವ್ವಾರ."

ಆಯಿ ಖೋಲಿಯಿಂದ ಹೊರಗೆ ನಡೆದಳು. ಅಣ್ಣ ಹೊರಗೆ ಬಂದೊಡನೆ ಅವನ ಮೇಲೇ ಹರಿಹಾಯ್ದಳು. "ಕಪ್ಪಿ ಇಲ್ಲ ಅಂತ ಗಟ್ಟಿಸಿ ಹೇಳಾಕ ಏನಾಗಿತ್ತೋ ನಿನಗ?"

"ಹೇಳಿದ್ನಲ್ಲ ಆಯಿ. ಗಿರಿಮಲ್ಲಪ್ಪ ಹೇಳಿದ್ದು ನಿನಗ ಖರೆ ಅನಿಸ್ತು. ನಾ ಹೇಳಿದ್ದು ಅನಿಸಲಿಲ್ಲ."

ಆಯಿ ಸಾಲಿಯ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟು ಅತ್ತಳು. ಅಣ್ಣ ಅವಳ ಕೈ ಹಿಡಿದು ಎಬ್ಬಿಸಿದ. ನಾನಾಗಿದ್ದರೆ ಎಬ್ಬಿಸುತ್ತಿರಲಿಲ್ಲ.