ಹನ್ನೆರಡು ಭಾನುವಾರಗಳ ಸಹಿ

"ಕಳೆದ ಏಳು ದಿನದಾಗ ನಿಮ್ಮ ಯಜಮಾನ್ರು ಕೂಸಿನ ಜತಿ ಕುಂತು ಎಷ್ಟು ಸಲ ಊಟ ಮಾಡ್ಯಾರ್ರಿ ಅಕ್ಕ?"

ಅರುಣಾ ಪೆನ್ನು ಹಿಡಿದು ಕಾಯುತ್ತಿದ್ದಳು. ಕೌದಿ ಹೊಲಿಯುತ್ತ ಕೂತಿದ್ದ ಸುಗ್ರಾಬಿಗೆ ನಗು ಬಂತು. ನಗುವ ಹೊತ್ತೇನೂ ಅದಲ್ಲ, ಆದರೂ ಬಂತು.

"ಏಳು ದಿನ ಯಾಕ್ರಿ, ಏಳು ತಿಂಗಳು ಕೇಳ್ರಿ. ಒಮ್ಮಿನೂ ಇಲ್ಲ."

ಅರುಣಾ ಸೊನ್ನೆ ಬರೆದಳು. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಬೆಳಗಿನ ಬಸ್ಸಿಗೆ ಕುರುಗೋಡಿಗೆ ಬಂದಿದ್ದ ಹುಡುಗಿ ಅವಳು. ಎರಡು ವರ್ಷದ ಹಿಂದೆ ಒಂದು ಗಣಿ ಕಂಪನಿ ಇಲ್ಲಿ 'ಒಳ್ಳೆ ಅಪ್ಪ' ಎಂಬ ಯೋಜನೆ ನಡೆಸಿತ್ತು. ಅದರಿಂದ ಗಂಡಸರು ಎಷ್ಟು ಸುಧಾರಿಸಿದರು ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಗುಡ್ಡ ಅಗೆದು ಊರಿಗೆಲ್ಲ ಕೆಂಪು ಧೂಳು ಉಣ್ಣಿಸುತ್ತಿದ್ದ ಕಂಪನಿಗೆ ಅಪ್ಪಂದಿರ ಚಿಂತೆ ಯಾಕೆ ಹತ್ತಿತೋ, ದೇವರೇ ಬಲ್ಲ.

ಹನ್ನೆರಡು ಭಾನುವಾರ ಸಮುದಾಯ ಭವನದಲ್ಲಿ ಪಾಠ. ಆ ವಾರವಿಡೀ ಗಂಡ ಮನೆಯಲ್ಲಿ ಪಾಠದಂತೆ ನಡೆದುಕೊಂಡನೆಂದು ಹೆಂಡತಿ ಕಾರ್ಡಿಗೆ ಸಹಿ ಹಾಕಬೇಕು. ಹನ್ನೆರಡು ಸಹಿ ತುಂಬಿದವನಿಗೆ ಅದಿರಿನ ಟಿಪ್ಪರ್ ಓಡಿಸುವ ಕೆಲಸ ಖಾತ್ರಿ. ಗಾದಿ ಹೊಲಿಯುತ್ತಿದ್ದ ಸುಗ್ರಾಬಿಯ ಗಂಡ ಖಲಂದರ್ ಒಂದು ಪಾಠವನ್ನೂ ತಪ್ಪಿಸಲಿಲ್ಲ, ಅಲ್ಲಿ ಉಪ್ಪಿಟ್ಟು ಚಹಾ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಕಾರ್ಡು ಗೂಡಿಗೆ, ಇವನು ಇಸ್ಪೀಟಿಗೆ. ಕೊನೆಯ ವಾರ, "ಹಾಕಿಬಿಡಲೇ ಸುಗ್ರಾ, ಕೆಲ್ಸ ಸಿಗತೈತಿ" ಅಂದ. ಏಳನೇ ಇಯತ್ತೆ ಓದಿದ್ದ ಸುಗ್ರಾಬಿ ಒಲೆಯ ಮುಂದೆ ಕೂತು ಹನ್ನೆರಡನ್ನೂ ಒಂದೇ ಸಲಕ್ಕೆ ಹಾಕಿಕೊಟ್ಟಳು, ಅಕ್ಷರ ದುಂಡಗೆ ಬರುವಂತೆ.

ಕೆಲಸ ಸಿಕ್ಕಿತು. ಮೊದಮೊದಲು ಬಳ್ಳಾರಿಯಿಂದ ವಾರಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಅಲ್ಲೇ ಇನ್ನೊಬ್ಬಳೊಂದಿಗೆ ಮನೆ ಹೂಡಿದ. ಈಗ ಜಮಾತಿನ ಹಿರಿಯ ಉಸ್ಮಾನಸಾಬ್‌ಗೆ ಹೇಳಿಕಳಿಸಿದ್ದ: ಸುಗ್ರಾಬಿ ತವರುಮನೆ ಹಚ್ಚೊಳ್ಳಿಗೆ ಹೋಗಲಿ, ಆರು ವರ್ಷದ ಮುಸ್ಕಾನ್ ಮಾತ್ರ ತನ್ನ ಹತ್ತಿರ ಇರಲಿ. ಕಂಪನಿಯವರು ಮಕ್ಕಳಿದ್ದವರಿಗೆ ಮೊದಲು ಕ್ವಾರ್ಟರ್ಸ್ ಕೊಡುತ್ತಾರಂತೆ. ಶುಕ್ರವಾರ ಪಂಚಾಯ್ತಿ. ತಾನು ಎಂಥ ಅಪ್ಪ ಎಂದು ತೋರಿಸಲು ಅವನ ಕೈಯಲ್ಲಿ ಆ ಕಾರ್ಡಿತ್ತು. ಇವಳ ಕೈಯಲ್ಲಿ ಸೂಜಿ ಬಿಟ್ಟರೆ ಏನೂ ಇರಲಿಲ್ಲ.

ಅದಕ್ಕೇ ಅರುಣಾ ಬಾಗಿಲಿಗೆ ಬಂದಾಗ ಅಲ್ಲಾಹನೇ ಕಳಿಸಿದ ಅನಿಸಿತ್ತು. ನಲವತ್ತು ಪ್ರಶ್ನೆಗೂ ಹೊಟ್ಟೆಯೊಳಗಿದ್ದುದನ್ನೆಲ್ಲ ಹೇಳಿದಳು. ಕೂಸಿಗೆ ಜ್ವರ ಬಂದರೆ ದವಾಖಾನೆಗೆ ಒಯ್ದಾನೇನು? ಇಲ್ಲ. ನಿಮ್ಮನ್ನು ಕೇಳಿ ಮನೆಯ ವ್ಯವಹಾರ ಮಾಡುತ್ತಾನೇನು? ಇಲ್ಲ. ಉದ್ಯೋಗ ಇದೆಯೇ? ಇದೆ. ಆ ಹಾಳೆಯಲ್ಲಿ ಟಿಕ್ ಬಿದ್ದದ್ದು ಅಲ್ಲೊಂದೇ.

"ಅಕ್ಕಾರ, ಇದರದ್ದೊಂದು ಜೆರಾಕ್ಸ್ ಕೊಡ್ರಿ. ಶುಕ್ರವಾರ ಹಿರ್ಯಾರ ಮುಂದ ಇಡ್ತೀನಿ."

ಅರುಣಾ ತಬ್ಬಿಬ್ಬಾದಳು. "ಇದನ್ನ ಹೊರಗ ಕೊಡಂಗಿಲ್ರಿ ಅಕ್ಕ. ನೋಡ್ರಿ, ನಿಮ್ಮ ಹೆಸ್ರು ಸೈತ ಇದರಾಗಿಲ್ಲ. ಬರೇ ನಂಬರು, ನೂರಾ ಹದಿನಾಲ್ಕು. ನೀವು ಹೇಳಿದ್ದು ಯಾರಿಗೂ ಗೊತ್ತಾಗಬಾರ್ದು ಅಂತ. ನಿಮ್ಮ ಒಳ್ಳೇದಕ್ಕ ಐತ್ರಿ."

"ಸುಳ್ಳು ಹೇಳುವಾಗ ಹೆಸ್ರು ಬರೆಸಿಕೊಂಡ್ರಿ. ಖರೇ ಹೇಳಿದ್ರ ನಂಬರ್ ಹಾಕ್ತೀರಿ?"

ಅರುಣಾ ಅಂಗಳಕ್ಕೆ ಇಳಿದು ತನ್ನ ಮೇಲಿನವರಿಗೆ ಫೋನು ಮಾಡಿದಳು. ವಾಪಸು ಬಂದವಳ ಮುಖ ನೋಡಿದರೇ ತಿಳಿಯುತ್ತಿತ್ತು. "ಬೇಜಾರಾಗಬ್ಯಾಡ್ರಿ" ಅಂದಳು. ಪಾಪದ ಹುಡುಗಿ, ಬೈದು ಏನು ಬಂತು? ಆದರೂ ಸುಗ್ರಾಬಿ ಅವಳನ್ನು ಚಹಾ ಕುಡೀತೀರೇನು ಅಂತ ಕೇಳಲಿಲ್ಲ.

ಶುಕ್ರವಾರ ನಮಾಜಿನ ನಂತರ ಉಸ್ಮಾನಸಾಬ್ ಮನೆಯ ಪಡಸಾಲೆಯಲ್ಲಿ ಐದಾರು ಹಿರಿಯರು ಕೂತರು. ಖಲಂದರ್ ಕಂಪನಿಯ ನೀಲಿ ಅಂಗಿ ತೊಟ್ಟು ಬಂದಿದ್ದ, ಇಸ್ತ್ರಿ ಮುರಿದಿರಲಿಲ್ಲ. ಉಸ್ಮಾನಸಾಬ್ ಕೆಟ್ಟ ಮನುಷ್ಯನಲ್ಲ. ಕನ್ನಡಕ ಹಾಕಿಕೊಂಡು ಕಾರ್ಡನ್ನು ಮೇಲಿಂದ ಕೆಳಗಿನವರೆಗೂ ಓದಿದ.

"ಇವು ನಿನ್ನ ಸಹಿ ಏನವ್ವ?"

ಅಲ್ಲ ಅನ್ನಬೇಕೆಂದು ರಾತ್ರಿಯೆಲ್ಲ ಅಂದುಕೊಂಡಿದ್ದಳು. ಒಂದು ಸುಳ್ಳಿಗೇ ಇಷ್ಟು ಅನುಭವಿಸುತ್ತಿದ್ದವಳಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ನನ್ನವೇರಿ ಚಾಚಾ. ಹನ್ನೆರಡೂ ಒಂದೇ ದಿನ ಹಾಕೀನಿ. ಇವರು ಕೂಸಿನ ಮುಖ ಸೈತ ನೋಡಿದ್ದಿಲ್ಲ. ಕೆಲ್ಸ ಸಿಗಲಿ ಅಂತ ಹಾಕಿದ್ನಿ."

"ಅವತ್ತು ಸುಳ್ಳು ಹೇಳಿದ್ದೋ, ಇವತ್ತು ಹೇಳಾಕತ್ತಿಯೋ, ನಮಗ ಹೆಂಗ ಗೊತ್ತಾಗಬೇಕವ್ವ?" ಉಸ್ಮಾನಸಾಬ್ ತಾನೇ ನೊಂದವನಂತೆ ಕೇಳಿದ. "ಕೂಸನ್ನ ಕರೀರಿ. ಅಪ್ಪನ ಕಂಡ್ರ ಹೆಂಗ ಮಾಡತೈತಿ ನೋಡೂಣು."

ಸುಗ್ರಾಬಿಗೆ ಜೀವ ಬಂದಂತಾಯಿತು. ಏಳು ತಿಂಗಳು ಕಾಣದ ಮನುಷ್ಯನ ಹತ್ತಿರ ಯಾವ ಕೂಸು ಹೋಗುತ್ತದೆ? ಮುಸ್ಕಾನ್ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಾಯಿಯ ಕಡೆ ನೋಡಿದಳು.

ಖಲಂದರ್ ಕೂತಲ್ಲಿಂದ ಎದ್ದು ಮಗಳ ಎದುರು ಕುಕ್ಕರುಗಾಲಲ್ಲಿ ಕೂತ. ಅವನ ಕಣ್ಣೂ ಅವಳ ಕಣ್ಣೂ ಒಂದೇ ಎತ್ತರಕ್ಕೆ ಬಂದವು. ಎಳೆಯಲಿಲ್ಲ, ಬಾ ಅಂತ ಕೈ ಚಾಚಲೂ ಇಲ್ಲ.

"ಮುಸ್ಕಾನ್, ನಿನ್ನೆ ಸಾಲ್ಯಾಗ ಏನು ಆಟ ಆಡಿದ್ರವ್ವಾ?"

ಸುಗ್ರಾಬಿಗೆ ಥಟ್ಟನೆ ಗುರುತು ಸಿಕ್ಕಿತು. ಅದು ಪಾಠ. ಮಕ್ಕಳನ್ನು ಏನು ಕಲಿತೆ ಅಂತ ಕೇಳಬಾರದು, ಏನು ಆಡಿದೆ ಅಂತ ಕೇಳಬೇಕಂತೆ ಎಂದು ಇದೇ ಖಲಂದರ್ ಒಂದು ಭಾನುವಾರ ಬಂದು ಅಣಕಿಸಿ ನಕ್ಕಿದ್ದ. ಮುಸ್ಕಾನ್‌ಳನ್ನು ಈವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಸುಗ್ರಾಬಿಯೂ ಕೇಳಿರಲಿಲ್ಲ. ಕೌದಿಯಿಂದ ಅವಳು ತಲೆ ಎತ್ತುವಷ್ಟರಲ್ಲಿ ಮಗಳು ಮಲಗಿಬಿಟ್ಟಿರುತ್ತಿದ್ದಳು.

"ಕುಂಟಾಬಿಲ್ಲಿ" ಅಂದಳು ಮುಸ್ಕಾನ್ ಸಣ್ಣ ದನಿಯಲ್ಲಿ.

"ಯಾರು ಗೆದ್ರು?"

"ನಾನು!" ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಬಂದಳು. "ಜಾಸ್ಮಿನ್ ಗೆರಿ ತುಳದ್ಲು, ತುಳದಿಲ್ಲ ಅಂತ ಅತ್ಲು, ಟೀಚರು ನೋಡಿದ್ರು..." ಇನ್ನೊಂದು ಹೆಜ್ಜೆ. ಆಟ ತೋರಿಸಲೆಂದು ಒಂಟಿಕಾಲಲ್ಲಿ ನಿಂತವಳು ಬೀಳದಿರಲು ಅಪ್ಪನ ಹೆಗಲು ಹಿಡಿದುಕೊಂಡಳು.

ಉಸ್ಮಾನಸಾಬ್ ಕನ್ನಡಕ ತೆಗೆದು, ಕೂಸಿನ ಮಾತು ಕೇಳಲು ಮುಂದಕ್ಕೆ ಬಾಗಿದ. ಮುಸ್ಕಾನ್ ಹೇಳುತ್ತಲೇ ಇದ್ದಳು.